ವಿಯೆನ್ನಾ: ಅರಮನೆಗಳಾಚೆಯ ಊರು

ಯುರೋಪಿನ ಪ್ರವಾಸ ಮುಗಿಸಿ ಬಂದವರ ಭಾವಚಿತ್ರಗಳನ್ನು ನೋಡಿದರೆ ಅವೇ ಅರಮನೆಗಳು, ಅವೇ ಗೋಪುರಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಬೆಳಿಗ್ಗೆ ಒಂದು ನಗರ, ಸಂಜೆಗೆ ಮತ್ತೊಂದು. ಊರನ್ನು ಕಂಡದ್ದಾಯಿತು, ಊರಿನವರ ಬಾಳು ಮಾತ್ರ ಕಾಣದೆ ಉಳಿಯಿತು. ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೆ ಹೋದಾಗ ನಾವೂ ಮೊದಲ ದಿನ ಹಾಗೆಯೇ ಮಾಡಿದೆವು.

ಅಂದು ನೋಡಿದ್ದು ಷೋನ್‌ಬ್ರುನ್ ಅರಮನೆ. 1441 ಕೋಣೆಗಳ ಆ ಸೌಧವು ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಬೇಸಿಗೆಯ ಬಿಡಾರವಾಗಿತ್ತು. ನೋಡತಕ್ಕದ್ದೇ, ಸಂದೇಹವಿಲ್ಲ. ಆದರೆ ರಾತ್ರಿ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡಿತು. ಅರಸರು ಇಲ್ಲಿ ಬಾಳಿದರು, ಸರಿ. ಇಂಥ ಗೋಡೆಗಳನ್ನು ಕಟ್ಟಿದವರ ಮಕ್ಕಳು ಎಲ್ಲಿ ಮಲಗಿದರು? ಯಾವ ನೀರು ಕುಡಿದರು? ಉಳಿದ ಎರಡು ದಿನಗಳನ್ನು ಇದರ ಉತ್ತರಕ್ಕೆ ಮೀಸಲಿಟ್ಟೆವು.

ಬೆಟ್ಟದಿಂದ ಬಂದ ನೀರು

ಷ್ವಾರ್ತ್ಸೆನ್‌ಬರ್ಗ್ ಚೌಕದಲ್ಲಿ ಎತ್ತರಕ್ಕೆ ಚಿಮ್ಮುವ ಒಂದು ಕಾರಂಜಿಯಿದೆ. ಪ್ರವಾಸಿಗರು ಅದನ್ನು ಅಲಂಕಾರವೆಂದು ತಿಳಿದು ಮುಂದೆ ನಡೆಯುತ್ತಾರೆ. ನಿಜವಾಗಿ ಅದೊಂದು ವಿಜಯಸ್ತಂಭ. ಕೊಳೆತ ಬಾವಿಗಳ ನೀರು ಕುಡಿದು ಈ ನಗರದ ಜನ ಕಾಲರಾ, ವಿಷಮಶೀತ ಜ್ವರಗಳಿಗೆ ಬಲಿಯಾಗುತ್ತಿದ್ದ ಕಾಲವೊಂದಿತ್ತು. ಆಲ್ಪ್ಸ್ ಪರ್ವತದ ಬುಗ್ಗೆಗಳಿಂದಲೇ ನೀರು ತರಬೇಕೆಂದು ಹಟ ಹಿಡಿದವರು ಭೂವಿಜ್ಞಾನಿ ಎಡ್ವರ್ಡ್ ಸ್ಯೂಸ್. ನಮ್ಮ ದೇಶದ ಗೊಂಡ್ವಾನದ ಹೆಸರನ್ನು ಪ್ರಾಚೀನ ಮಹಾಖಂಡಕ್ಕೆ ಇಟ್ಟವರೂ ಇವರೇ. 1873ರ ಅಕ್ಟೋಬರ್ 24ರಂದು, ಸುಮಾರು 90 ಕಿಲೋಮೀಟರ್ ದೂರದಿಂದ ಇಳಿಜಾರಿನ ಬಲವೊಂದರಿಂದಲೇ ಹರಿದುಬಂದ ನೀರು ಈ ಕಾರಂಜಿಯಲ್ಲಿ ಚಿಮ್ಮಿತು. 1910ರಲ್ಲಿ ಇನ್ನೂ ದೂರದ ಬುಗ್ಗೆಗಳಿಂದ ಎರಡನೆಯ ಕಾಲುವೆ ಬಂದಿತು. ಈ ನೀರಿನ ರಕ್ಷಣೆಯನ್ನು ನಗರವು 2001ರಲ್ಲಿ ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡಿತು.

ಇಂದು ಬೀದಿಬದಿಯಲ್ಲಿ ಸಾವಿರಕ್ಕೂ ಹೆಚ್ಚು ಕುಡಿಯುವ ನೀರಿನ ನಲ್ಲಿಗಳಿವೆ. ಯಾರು ಬೇಕಾದರೂ ಬೊಗಸೆಯೊಡ್ಡಿ ಕುಡಿಯಬಹುದು. ಬೇಸಿಗೆಯ ಅರವಟ್ಟಿಗೆಯನ್ನು ಬಲ್ಲ ನಮಗೆ ಅದು ಪರಿಚಿತವಾದ ಔದಾರ್ಯವೆನಿಸಿತು.

ಬಡವರಿಗೊಂದು ಕೋಟೆ

ಮರುದಿನ ಭೂಗತ ರೈಲಿನಲ್ಲಿ ಹೈಲಿಗೆನ್‌ಷ್ಟಾಟ್ ನಿಲ್ದಾಣಕ್ಕೆ ಹೋದೆವು. ಹೊರಗೆ ಕಾಲಿಟ್ಟೊಡನೆ ಎದುರಿಗೆ ಕಾರ್ಲ್ ಮಾರ್ಕ್ಸ್ ಹೋಫ್. ಕಿಲೋಮೀಟರಿಗಿಂತ ಉದ್ದವಾದ ಈ ಕಟ್ಟಡದ ಕಮಾನುಗಳು ಕೋಟೆಯ ಬಾಗಿಲುಗಳನ್ನು ನೆನಪಿಗೆ ತರುತ್ತವೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಕಾರ್ಮಿಕರ ಪಾಡು ಹೇಳತೀರದು. ಕೋಣೆ ಹಿಡಿಯಲು ಶಕ್ತಿಯಿಲ್ಲದವರು ಹಾಸಿಗೆಯನ್ನು ಮಾತ್ರ ಕೆಲವು ಗಂಟೆಗಳ ಮಟ್ಟಿಗೆ ಬಾಡಿಗೆಗೆ ಪಡೆಯುತ್ತಿದ್ದರು. ಒಬ್ಬನು ಎದ್ದರೆ ಇನ್ನೊಬ್ಬನು ಮಲಗಬೇಕು. 1919ರಲ್ಲಿ ಅಧಿಕಾರಕ್ಕೆ ಬಂದ ನಗರಸಭೆಯು 1923ರಿಂದ ವಸತಿ ತೆರಿಗೆ ವಿಧಿಸಿತು. ದೊಡ್ಡ ಮನೆಯವರಿಗೆ ದೊಡ್ಡ ತೆರಿಗೆ. ಆ ಹಣದಿಂದ 1934ರೊಳಗೆ 60 ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ವಾಸ್ತುಶಿಲ್ಪಿ ಕಾರ್ಲ್ ಎನ್ ರೂಪಿಸಿದ ಈ ಕಟ್ಟಡದಲ್ಲಿ ಸುಮಾರು 1400 ಮನೆಗಳಿದ್ದವು. ಜೊತೆಗೆ ಶಿಶುವಿಹಾರ, ಗ್ರಂಥಾಲಯ, ಸ್ನಾನಗೃಹ, ಬಟ್ಟೆ ಒಗೆಯುವ ಶಾಲೆ. ನಿವೇಶನದ ಐದನೆಯ ಒಂದು ಪಾಲನ್ನೂ ಕಟ್ಟಡಕ್ಕೆ ಬಳಸದೆ ಉಳಿದುದನ್ನು ಮಕ್ಕಳ ಆಟಕ್ಕೂ ಮರಗಿಡಗಳಿಗೂ ಬಿಟ್ಟರು.

ಈ ಕಥೆಯಲ್ಲಿ ಕಣ್ಣೀರೂ ಇದೆ. 1934ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಈ ಮನೆಗಳ ಮೇಲೆ ಸರ್ಕಾರದ ಫಿರಂಗಿಗಳು ಗುಂಡು ಹಾರಿಸಿದವು. 1938ರಲ್ಲಿ ನಾಜಿಗಳು ಬಂದಾಗ ನಗರಸಭೆಯ ಮನೆಗಳಲ್ಲಿದ್ದ ಯೆಹೂದಿ ಕುಟುಂಬಗಳನ್ನು ಹೊರದೂಡಲಾಯಿತು. ಎಲ್ಲರಿಗೂ ಎಂದು ಕಟ್ಟಿದ ಸೂರು ಎಲ್ಲರದಾಗಿ ಉಳಿಯಬೇಕಾದರೆ ಇಟ್ಟಿಗೆ, ಗಾರೆ ಸಾಲವು. ಒಳಗಿನವರ ಮನಸ್ಸೂ ದೊಡ್ಡದಾಗಿರಬೇಕು. ಹಳೆಯ ಬಟ್ಟೆ ಒಗೆಯುವ ಶಾಲೆಯಲ್ಲಿ ಈಗ ಆ ದಿನಗಳ ಸಂಗ್ರಹಾಲಯವಿದೆ. ಮನೆಗಳಲ್ಲಿ ಇಂದಿಗೂ ಸಂಸಾರಗಳು ನಡೆಯುತ್ತಿವೆ.

ಹೆಸರಿಲ್ಲದವರ ನೆಲ

ಕೊನೆಯದಾಗಿ ಜಿಮರಿಂಗ್‌ನಿಂದ ಬಸ್ಸು ಹಿಡಿದು, ದವಸದ ಉಗ್ರಾಣಗಳ ಹಿಂದೆ ಅಡಗಿರುವ ಒಂದು ಸಣ್ಣ ಸ್ಮಶಾನಕ್ಕೆ ಹೋದೆವು. ಡಾನ್ಯೂಬ್ ನದಿಯ ಸುಳಿಯು ಇಲ್ಲಿ ಶವಗಳನ್ನು ದಡಕ್ಕೆ ತಂದು ಹಾಕುತ್ತಿತ್ತು. ಅವರು ಯಾರು, ಯಾವ ಊರಿನವರು? ಹೇಳುವವರಿಲ್ಲ. 1900ರಿಂದ 1940ರವರೆಗೆ ಇಂಥ ನೂರಕ್ಕೂ ಹೆಚ್ಚು ಮಂದಿಯನ್ನು ಇಲ್ಲಿ ಮಣ್ಣು ಮಾಡಿದರು. ಅನೇಕ ಕಬ್ಬಿಣದ ಶಿಲುಬೆಗಳ ಮೇಲಿರುವುದು ಒಂದೇ ಮಾತು: ಹೆಸರಿಲ್ಲ. ಬಂದರು ಕಟ್ಟಿದ ಮೇಲೆ ನದಿಯ ಸೆಳೆತ ಬದಲಾಗಿ ಶವಗಳು ಬರುವುದು ನಿಂತಿತು. ಆದರೂ ಪ್ರತಿವರ್ಷ ನವೆಂಬರಿನಲ್ಲಿ ಇಲ್ಲಿನ ಮೀನುಗಾರರು ಹೂಮಾಲೆಗಳನ್ನಿಟ್ಟ ತೆಪ್ಪವೊಂದನ್ನು ನದಿಯಲ್ಲಿ ತೇಲಿಬಿಡುತ್ತಾರೆ. ಬಂಧುಗಳಿಲ್ಲದವರಿಗೆ ಊರೇ ಬಂಧು! ನಾವು ತುಸು ಹೊತ್ತು ಮಾತಿಲ್ಲದೆ ನಿಂತೆವು.

ಬದುಕುವವರಿಗೆ ನೀರು, ದುಡಿಯುವವರಿಗೆ ನೆರಳು, ದಿಕ್ಕಿಲ್ಲದೆ ಸತ್ತವರಿಗೆ ನೆಲ. ಒಂದು ಊರಿನ ಹಿರಿಮೆಯನ್ನು ಈ ಮೂರರಿಂದ ಅಳೆಯಬಹುದೆಂದು ನಮಗೆ ತೋರಿತು. ವಿಯೆನ್ನಾಕ್ಕೆ ಹೋಗುವ ಬಂಧುಗಳು ಅರಮನೆಯನ್ನು ಅವಶ್ಯ ನೋಡಲಿ. ಭಾನುವಾರ ಅಲ್ಲಿ ಅಂಗಡಿಗಳು ಬಹುಮಟ್ಟಿಗೆ ಮುಚ್ಚಿರುವುದರಿಂದ ಹಣ್ಣು, ಮೊಸರು, ರೊಟ್ಟಿಗಳನ್ನು ಶನಿವಾರವೇ ಕೊಂಡಿಟ್ಟುಕೊಳ್ಳಲಿ. ಆದರೆ ಒಂದು ದಿನವನ್ನಾದರೂ ಅರಮನೆಯಿಂದ ದೂರವಿರುವ ಈ ಬೀದಿಗಳಿಗೆ ಕೊಡಲಿ. ಮಕ್ಕಳು ಜೊತೆಗಿದ್ದರೆ ಬೀದಿಯ ನಲ್ಲಿಯಲ್ಲಿ ಬೊಗಸೆ ನೀರು ಕುಡಿಸಿ, ಅದು ಎಲ್ಲಿಂದ ಬಂದಿತೆಂಬ ಕಥೆಯನ್ನು ಅಲ್ಲಿಯೇ ನಿಂತು ಹೇಳಲಿ.