ಅಳತೆಗೆ ನಿಂತ ಮನುಷ್ಯ

ರಾಮನಗರವನ್ನು ಬಿಟ್ಟು ಹಳೆಯ ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದ ಕಡೆಗೆ ಹೊರಟವರಿಗೆ ನಡುವೆ ಕೆಂಗಲ್ ಸಿಗುತ್ತದೆ. ಅಲ್ಲಿನ ಆಂಜನೇಯನಿಗೆ ಕೈಮುಗಿಯದೆ ಮುಂದೆ ಹೋಗುವವರು ವಿರಳ. ಕೆಂಪು ಕಲ್ಲು ಕೆಂಗಲ್ಲಾಯಿತು. ವ್ಯಾಕರಣದ ತರಗತಿಯಲ್ಲಿ ಆದೇಶಸಂಧಿಗೆ ಉದಾಹರಣೆ ಬೇಕಾದಾಗ ನಾನು ದೂರ ಹೋಗಬೇಕಾಗಿಲ್ಲ, ಕಿಟಕಿಯ ಕಡೆಗೆ ಕೈತೋರಿದರೆ ಸಾಕು. ಈ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತು ನಾಡಿಗೆಲ್ಲ ಪರಿಚಿತವಾಗಿಸಿದವರು ಕೆಂಗಲ್ ಹನುಮಂತಯ್ಯನವರು. ಅವರ ಹೆಸರು ಬಂದಲ್ಲಿ ವಿಧಾನಸೌಧದ ಮಾತು ಬರುವುದು ಸಹಜ. ನಮ್ಮ ಮನೆಯಲ್ಲಿ ಆ ಮಾತು ಬರುತ್ತಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು: ನಮ್ಮ ತಾತ ಆ ಕಟ್ಟಡದಲ್ಲಿ ಕಲ್ಲುಕೆಲಸ ಮಾಡಿದವರು.

ಅವರು ಬಿಟ್ಟುಹೋದ ದಾಖಲೆಗಳು ಎರಡು. ಒಂದು, ಅಂಗೈಯಗಲದ ಛಾಯಾಚಿತ್ರ. ಮುಖಮಂಟಪದ ಭಾರಿ ಕಂಬಗಳು, ಅವುಗಳ ಪಕ್ಕದಲ್ಲಿ ಇನ್ನೂ ಬಿಚ್ಚದ ಸಾರುವೆ, ಒಂದು ಕಂಬದ ಬುಡದಲ್ಲಿ ತಲೆಗೆ ಬಟ್ಟೆ ಸುತ್ತಿದ ಒಬ್ಬ ಮನುಷ್ಯ. “ಇವರೇ ಕಣಪ್ಪ ನಿಮ್ಮ ತಾತ” ಎಂದು ಅಜ್ಜಿ ಬೆರಳಿಟ್ಟು ತೋರಿಸುತ್ತಿದ್ದರು. ಮುಖ ರಾಗಿಕಾಳಿನಷ್ಟು, ಕಣ್ಣು ಮೂಗು ಗೊತ್ತಾಗುವಂತಿಲ್ಲ. ಇನ್ನೊಂದು, ನೀಲಿ ಕಾಗದದ ಮೇಲೆ ಬಿಳಿಯ ಗೆರೆಗಳಲ್ಲಿ ಮೂಡಿದ್ದ ಒಂದು ನಕ್ಷೆ. ಕಂಬದ ಬೋದಿಗೆಯ ಒಂದು ಭಾಗವನ್ನು ಅಡಿ ಅಂಗುಲಗಳ ಲೆಕ್ಕದಲ್ಲಿ ಬಿಡಿಸಿದ್ದ ಆ ಹಾಳೆ, ಕೆಲಸ ಮುಗಿದ ಮೇಲೆ ಯಾರಿಗೂ ಬೇಡವಾಗಿ ತಾತನ ಕೈ ಸೇರಿತ್ತು. ಅವರಿಗೆ ಅಕ್ಷರ ಬಾರದು. ಆದರೆ ಆ ಗೆರೆಗಳ ಮೇಲೆ ಬೆರಳಾಡಿಸುತ್ತ, ಎಲ್ಲಿ ಉಳಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ಅವರು ಹೇಳುತ್ತಿದ್ದುದು ನನಗೆ ನೆನಪಿದೆ.

ತಾತ ತೀರಿಕೊಂಡ ಮೇಲೆ ಮನೆಯ ಸೂರು ಬಿಚ್ಚಿ ದುರಸ್ತಿ ಮಾಡಿಸುವಾಗ ಆ ಸುರುಳಿ ಹಳೆಯ ಪತ್ರಿಕೆಗಳ ಜೊತೆಗೆ ತೂಕಕ್ಕೆ ಹೋಯಿತು. ಕೊಟ್ಟವನು ನಾನೇ. ಆಗ ನಾನು ಎಂ.ಎ. ವಿದ್ಯಾರ್ಥಿ, ಓಲೆಗರಿಯ ಪ್ರತಿಗಳಲ್ಲಿ ಬಿಟ್ಟುಹೋದ ಒಂದೊಂದು ಅಕ್ಷರಕ್ಕೂ ಮರುಗುತ್ತ ಗ್ರಂಥಸಂಪಾದನೆಯ ಪ್ರಬಂಧ ಬರೆಯುತ್ತಿದ್ದವನು. ಛಾಯಾಚಿತ್ರ ಉಳಿದದ್ದು ನನ್ನ ಜಾಣತನದಿಂದಲ್ಲ, ಅಜ್ಜಿ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದ್ದರಿಂದ.

ನಕ್ಷೆಗೂ ಛಾಯಾಚಿತ್ರಕ್ಕೂ ಒಂದು ಮೂಲಭೂತ ಭೇದವಿದೆ. ಕಟ್ಟಡದ ನಕ್ಷೆ ಇನ್ನೂ ಇಲ್ಲದುದನ್ನು ತೋರಿಸುತ್ತದೆ. ಛಾಯಾಚಿತ್ರ, ಕಣ್ಣೆದುರು ಇದ್ದುದನ್ನು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ನಗರವೊಂದು ಏನಾಗಬೇಕೆಂದು ಬಯಸಿತು, ಏನಾಯಿತು ಎಂಬ ಕಥೆ ಪೂರ್ಣವಾಗುವುದು. ಕಟ್ಟುವವನ ನಕ್ಷೆಯಂತೆ ಕೆಡವುವವನ ನಕ್ಷೆಯೂ ಉಂಟು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರನ್ನು ಹಿಡಿದಾಗ ಕ್ಲಾಡ್ ಮಾರ್ಟಿನ್ ಎಂಬ ಅಧಿಕಾರಿ ಅಳೆದು ಬರೆದ ನಕ್ಷೆಯಲ್ಲಿ ಕೋಟೆಯೂ ಅದರ ಉತ್ತರಕ್ಕೆ ಪೇಟೆಯೂ ಸ್ಪಷ್ಟವಾಗಿವೆ. ಜೊತೆಗೆ ದಾಳಿ ನಡೆದ ಸ್ಥಳಗಳ ಗುರುತುಗಳೂ ಇವೆ. ಮಾಗಡಿಯ ಕೆಂಪೇಗೌಡರ ವಂಶದವರು ಬೆಳೆಸಿದ ಊರಿನ ಆಕಾರವನ್ನು ಇಂದು ನಾವು ಕಾಣಬೇಕಾದರೆ, ಅದನ್ನು ಮುರಿಯಲು ಬಂದವರ ಕಾಗದವನ್ನೇ ಬಿಡಿಸಬೇಕು.

ನಮ್ಮ ಬೆಟ್ಟಗಳ ಸಂಗತಿಯೂ ಹೀಗೆಯೇ. ಸೈನ್ಯದ ಬೆನ್ನಿಗೆ ಬಂದ ಚಿತ್ರಕಾರ ರಾಬರ್ಟ್ ಹೋಮ್, ಮೋಜಣಿಯ ಅಧಿಕಾರಿ ಕೋಲ್‌ಬ್ರೂಕ್ ಮೊದಲಾದವರು ಈ ಸೀಮೆಯ ದುರ್ಗಗಳನ್ನು ಬರೆದರು. 1791ರ ಡಿಸೆಂಬರ್ 21ರಂದು ಸಾವನದುರ್ಗ ಆಂಗ್ಲರ ವಶವಾಯಿತು. 1794ರಲ್ಲಿ ಹೋಮನ ಮೈಸೂರು ದೃಶ್ಯಗಳ ಪುಸ್ತಕ ಪ್ರಕಟವಾಯಿತು. ಚಿತ್ರಗಳು ಸುಂದರವಾಗಿವೆ, ಸಂದೇಹವಿಲ್ಲ. ಆದರೆ ಆ ಸೌಂದರ್ಯ ಗೆದ್ದವನ ಕಣ್ಣಿಗೆ ಕಂಡದ್ದು. ಬೆಟ್ಟದ ಬುಡದ ಹಳ್ಳಿಯವನು ಅದೇ ಬಂಡೆಯನ್ನು ಹೇಗೆ ಕಂಡನೋ, ಅವನ ಕೈಯಲ್ಲಿ ಕುಂಚವಿರಲಿಲ್ಲ.

ಸ್ವತಂತ್ರ ನಾಡು ತನಗೆ ತಾನೇ ಬರೆದುಕೊಂಡ ನಕ್ಷೆ ಎಂದು ವಿಧಾನಸೌಧವನ್ನು ಕರೆಯಬಹುದು. 1951ರ ಜುಲೈ 13ರಂದು ನೆಹರೂ ಅವರು ಅಡಿಗಲ್ಲಿಟ್ಟಾಗ ಮುಖ್ಯಮಂತ್ರಿಗಳಾಗಿದ್ದವರು ಕೆ.ಸಿ. ರೆಡ್ಡಿಯವರು, ಆಗ ಮನಸ್ಸಿನಲ್ಲಿದ್ದುದು ಇಷ್ಟು ದೊಡ್ಡ ಕಟ್ಟಡವಲ್ಲ. 1952ರಲ್ಲಿ ಅಧಿಕಾರಕ್ಕೆ ಬಂದ ಹನುಮಂತಯ್ಯನವರು ಅದನ್ನು ಬದಲಿಸಿದರು. ಬೆಂಗಳೂರಿನ ದೊಡ್ಡ ಕಟ್ಟಡಗಳೆಲ್ಲ ಪಾಶ್ಚಾತ್ಯ ರೀತಿಯವಾಗಿರುವಾಗ ಪ್ರಜೆಗಳ ಮನೆಯಾದರೂ ನಮ್ಮ ಗುಡಿ ಮಂಟಪಗಳ ಭಾಷೆಯಲ್ಲಿ ಮಾತನಾಡಬೇಕೆಂಬುದು ಅವರ ಹಟ. ಆ ಹಟಕ್ಕೆ ಗೆರೆ ಕೊಟ್ಟವರು ಬಿ.ಆರ್. ಮಾಣಿಕ್ಯಂ. 700 ಅಡಿ ಉದ್ದ, 350 ಅಡಿ ಅಗಲ. ಪೂರ್ವದ ಮುಖಮಂಟಪಕ್ಕೆ 40 ಅಡಿ ಎತ್ತರದ 12 ಕಂಬಗಳು. 1956ರಲ್ಲಿ ಕೆಲಸ ಮುಗಿಯಿತು. ಖರ್ಚಿನ ಬಗ್ಗೆ ಆಗ ಎದ್ದ ಗದ್ದಲ ಸಣ್ಣದಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಹನುಮಂತಯ್ಯನವರು ಅಧಿಕಾರವನ್ನೂ ಬಿಟ್ಟರು.

ಗೋಡೆಗಳಿಗೆ ಬೆಂಗಳೂರಿನ ಸುತ್ತಿನ ಬಿಳಿಗಲ್ಲು; ಅಲಂಕಾರಕ್ಕೆ ತುರುವೇಕೆರೆಯ ಕರಿಗಲ್ಲು, ಮಾಗಡಿಯ ನಸುಗೆಂಪು ಕಲ್ಲು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಷ್ಟೆ. ಊರು ಆ ಹೆಸರನ್ನು ಕಳಚಿಕೊಂಡರೂ ಭೂವಿಜ್ಞಾನಿಗಳು ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಪ್ರದೇಶದ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅಂದರೆ, ನಮ್ಮ ಸೀಮೆ ಆ ಕಟ್ಟಡಕ್ಕೆ ಒಬ್ಬ ಮುಖ್ಯಮಂತ್ರಿಯನ್ನು ಮಾತ್ರ ಕೊಡಲಿಲ್ಲ. ಕಲ್ಲನ್ನೂ ಕೊಟ್ಟಿತು, ಕಲ್ಲು ಒಡೆಯುವ ಕೈಗಳನ್ನೂ ಕೊಟ್ಟಿತು. ಸಾವಿರಾರು ಕೂಲಿಗಳು, ನೂರಾರು ಕಲ್ಲುಕುಟಿಗರು, ಸೆರೆಮನೆಯಿಂದ ಬಂದ ಕೈದಿಗಳು ಅಲ್ಲಿ ದುಡಿದರು. ಅಡಿಗಲ್ಲಿಟ್ಟವರ ಹೆಸರು, ಕಟ್ಟಿಸಿದವರ ಹೆಸರು, ನಕ್ಷೆ ಬರೆದವರ ಹೆಸರು ನಮಗೆ ಗೊತ್ತು. ಉಳಿದವರು ಛಾಯಾಚಿತ್ರದ ಅಂಚಿನಲ್ಲಿ ಹೆಸರಿಲ್ಲದೆ ನಿಂತಿದ್ದಾರೆ.

ಹಳೆಯ ಕಟ್ಟಡಗಳ ಚಿತ್ರ ತೆಗೆಯುವವರಲ್ಲಿ ಒಂದು ರೂಢಿಯಿದೆ. ಗೋಪುರವೋ ಕಂಬವೋ ಎಷ್ಟು ದೊಡ್ಡದೆಂದು ತಿಳಿಯಲು ಬುಡದಲ್ಲಿ ಒಬ್ಬನನ್ನು ನಿಲ್ಲಿಸುತ್ತಾರೆ. ಅವನು ಅಲ್ಲಿರುವುದು ಅಳತೆಗೋಲಾಗಿ. ಅವನ ಹೆಸರನ್ನು ಯಾರೂ ಕೇಳುವುದಿಲ್ಲ. ನಮ್ಮ ತಾತನೂ ಹಾಗೆ ನಿಂತವರೇ ಇರಬೇಕು.

ಹೋದ ವರ್ಷ ಆ ಚಿತ್ರವನ್ನು ತರಗತಿಗೆ ಒಯ್ದಿದ್ದೆ. ಎಲ್ಲರ ಕೈಯಲ್ಲೂ ಸುತ್ತಾಡಿ ಬಂದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಇವರು ನಿಮ್ಮ ತಾತನೇ ಎಂದು ಹೇಗೆ ಹೇಳುತ್ತೀರಿ, ಸಾರ್?” ಎಂದಳು. ಗ್ರಂಥಸಂಪಾದನೆಯ ಪಾಠದಲ್ಲಿ ನಾನೇ ಕಲಿಸಿದ ಪ್ರಶ್ನೆ! ಅವಳೇ ಅಡ್ಡಪಟ್ಟಿ ಹಿಡಿದು ಅಳೆದಳು. ಮನುಷ್ಯನ ಏಳರಷ್ಟಕ್ಕೆ ತುಸು ಹೆಚ್ಚು ಕಂಬ. ಕಂಬ 40 ಅಡಿಯಾದರೆ ಮನುಷ್ಯ ಐದೂವರೆ ಅಡಿ. ತಾತನ ಎತ್ತರ ಸರಿಸುಮಾರು ಅಷ್ಟೇ ಇತ್ತೆಂದು ನಾನು ಹಿಗ್ಗಿದೆ. “ಅಷ್ಟೇ ಎತ್ತರದವರು ಅಲ್ಲಿ ಸಾವಿರ ಜನ ಇದ್ದಿರಬಹುದಲ್ಲವೆ ಸಾರ್?” ಎಂದು ಅವಳು ಮೆಲ್ಲಗೆ ಕೇಳಿದಳು. ಇದ್ದಿರಬಹುದು. ಆ ನೀಲಿ ಹಾಳೆ ಉಳಿದಿದ್ದರೆ ತಾತ ದುಡಿದ ಕಂಬ ಯಾವುದೆಂದಾದರೂ ಊಹಿಸಬಹುದಿತ್ತೇನೋ. ಅದನ್ನು ನಾನು ತೂಕಕ್ಕೆ ಹಾಕಿದ್ದೆ.

ಅಂದು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟೆ. ತಮ್ಮ ತಮ್ಮ ಊರಿನ ಒಂದು ಮಂಟಪ, ಒಂದು ಕಲ್ಯಾಣಿ, ಇಲ್ಲವೆ ತಮ್ಮದೇ ಮನೆಯ ಪಡಸಾಲೆಯನ್ನು ಹಗ್ಗ ಹಿಡಿದು ಅಳೆದು ನಕ್ಷೆ ಬರೆಯಬೇಕು, ಚಿತ್ರ ತೆಗೆಯಬೇಕು, ಚಿತ್ರದಲ್ಲಿ ಯಾರು ನಿಂತಿದ್ದರೂ ಅವರ ಹೆಸರು ಕೇಳಿ ಬರೆದುಕೊಳ್ಳಬೇಕು. ಇಪ್ಪತ್ತಕ್ಕೂ ಹೆಚ್ಚು ಹಾಳೆಗಳು ಬಂದವು. ಕೆಲವು ಸೊಟ್ಟ, ಕೆಲವಕ್ಕೆ ಅಳತೆಯೇ ಕೂಡುವುದಿಲ್ಲ. ಆದರೂ ಕಾಲೇಜಿನ ಬೀರುವಿನಲ್ಲಿ ಅವುಗಳಿಗೊಂದು ಅರೆ ಬಿಡಿಸಿಕೊಟ್ಟಿದ್ದೇನೆ. ರಾಜ್ಯದ ಪತ್ರಾಗಾರವೇ ವಿಧಾನಸೌಧದ ನೆಲ ಅಂತಸ್ತಿನಲ್ಲಿ ಬಹುಕಾಲ ಇದ್ದಿತಲ್ಲವೆ? ಊರಿನ ಪತ್ರಾಗಾರ ಒಂದು ಅರೆಯಿಂದ ಆರಂಭವಾಗಲಿ.

ಆ ಸಂಜೆ ಮನೆಗೆ ಬಂದು ಛಾಯಾಚಿತ್ರದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದೆ: ‘ವಿಧಾನಸೌಧ, ಮುಖಮಂಟಪ. ಕಂಬದ ಬುಡದಲ್ಲಿ ಒಬ್ಬ ಕೆಲಸಗಾರ. ನಮ್ಮ ತಾತನೆಂದು ಅಜ್ಜಿಯ ಮಾತು.’ ಮೂರನೆಯ ವಾಕ್ಯವನ್ನು ಅಳಿಸಲು ಮನಸ್ಸಾಗಲಿಲ್ಲ. ಎರಡನೆಯದನ್ನು ಬಿಡಲು ವಿದ್ಯೆ ಒಪ್ಪಲಿಲ್ಲ. ಎರಡೂ ಇರಲೆಂದು ಪಟದ ಹಿಂದಕ್ಕೇ ಸಿಕ್ಕಿಸಿದೆ.