ಶಬ್ದಕ್ಕೆ ಸಾಕ್ಷಿ ಕೇಳಿದವರು

ಉಪಾಧ್ಯಾಯನ ಕೆಂಪು ಶಾಯಿಗಿರುವ ಅಧಿಕಾರವು ಅಲ್ಪವಾದುದಲ್ಲ. ಅದು ತಪ್ಪಿ ನಡೆದರೆ ಕೇಳುವವರಿಲ್ಲ. ಬಹುಕಾಲದ ಹಿಂದೆ, ಹಳ್ಳಿಯಿಂದ ಬಂದ ಹುಡುಗನೊಬ್ಬನು ತನ್ನ ಪ್ರಬಂಧದಲ್ಲಿ ‘ಅಜ್ಜಿ ನಮಗೆ ಕೂಳಿಕ್ಕಿದಳು’ ಎಂದು ಬರೆದಿದ್ದನು. ನಾವು ಆ ಪದವನ್ನು ಹೊಡೆದುಹಾಕಿ, ‘ಗ್ರಾಮ್ಯ, ಅನ್ನವೆಂದು ಬರೆ’ ಎಂದು ಷರಾ ಹಾಕಿ, ಅದನ್ನು ಗಟ್ಟಿಯಾಗಿ ಓದಿದೆವು. ತರಗತಿಯೆಲ್ಲವೂ ನಕ್ಕಿತು. ಹುಡುಗನು ತಲೆ ತಗ್ಗಿಸಿದನು.

ನಾವು ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದವರು. ಆ ಮಹಾಗ್ರಂಥವು ಒಂದೊಂದು ವಸ್ತುವಿಗೂ ಇರುವ ಹೆಸರುಗಳನ್ನು ಒಟ್ಟುಗೂಡಿಸಿ, ಅವುಗಳ ಲಿಂಗವನ್ನು ತಿಳಿಸುತ್ತದೆ. ಆದರೆ ಯಾವ ಶಬ್ದವನ್ನು ಯಾರು, ಯಾವ ಕಾಲದಲ್ಲಿ, ಯಾವ ಅರ್ಥದಲ್ಲಿ ಬಳಸಿದರೆಂದು ಹೇಳುವುದು ಅದರ ಉದ್ದೇಶವಲ್ಲ. ಅದಕ್ಕೆ ಬೇರೊಂದು ಬಗೆಯ ನಿಘಂಟು ಬೇಕು. ಕನ್ನಡಕ್ಕೆ ಅಂಥದನ್ನು ಒದಗಿಸಿದವರಲ್ಲಿ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ಅಗ್ರಗಣ್ಯರು.

ಅವರು ಜನಿಸಿದುದು 1913ನೆಯ ಇಸವಿ ಆಗಸ್ಟ್ 23ರಂದು. ತಂದೆ ಗಂಜಾಂ ತಿಮ್ಮಣ್ಣಯ್ಯನವರೂ ವಿದ್ವಾಂಸರೇ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಬಹುಕಾಲ ಬೋಧಿಸಿ, 1973ರಲ್ಲಿ ನಿವೃತ್ತರಾದರು. ಅನ್ಯರು ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿ ಹೊರೆ ಹೊತ್ತರು.

ಆ ಕೆಲಸದ ಬಗೆಯನ್ನು ವಾಚಕರು ಊಹಿಸಿಕೊಳ್ಳಬೇಕು. ಶಾಸನಗಳನ್ನೂ ಕಾವ್ಯಗಳನ್ನೂ ಸಾಲುಸಾಲಾಗಿ ಓದಿ, ಒಂದೊಂದು ಪ್ರಯೋಗವನ್ನೂ ಒಂದೊಂದು ಚೀಟಿಗೆ ಇಳಿಸಬೇಕು. ಅರ್ಥಗಳನ್ನು ಬಿಡಿಸಿ, ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಬೇಕು. ಒಂದು ಚೀಟಿ ತಪ್ಪಿಹೋದರೆ ಶಬ್ದವೊಂದರ ಆಯುಷ್ಯವೇ ನೂರು ವರ್ಷ ಕುಗ್ಗೀತು. ಅನೇಕ ವಿದ್ವಾಂಸರ ಪರಿಶ್ರಮದಿಂದ 1970ರಲ್ಲಿ ಮೊದಲನೆಯ ಸಂಪುಟವೂ 1995ರಲ್ಲಿ ಎಂಟನೆಯದೂ ಹೊರಬಂದುವು. ಪುಟಗಳು ಸುಮಾರು 9,000.

ಇಷ್ಟಾದರೂ ಅವರು ಪಂಡಿತರ ನಡುವೆಯೇ ನಿಲ್ಲಲಿಲ್ಲ. 1991ರಿಂದ ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ, ಕೇಳಿದವರು ಯಾರೇ ಆಗಿರಲಿ, ಶಬ್ದದ ವಿಚಾರವಾಗಿ ಸಮಾಧಾನ ಹೇಳಿದರು. 2021ನೆಯ ಏಪ್ರಿಲ್ 19ರಂದು, 107ನೆಯ ವಯಸ್ಸಿನಲ್ಲಿ ಕಾಲವಶರಾದರು.

ನಾವು ನಿವೃತ್ತರಾದ ಮೇಲೆ ಒಂದು ದಿನ, ಗೋವಿಂದರಾಜನಗರದ ಮನೆಯಿಂದ ಚಾಮರಾಜಪೇಟೆಯ ಪರಿಷತ್ತಿಗೆ ಹೋಗಿ ಆ ಸಂಪುಟಗಳನ್ನು ತೆರೆದೆವು. ಬೆರಳು ತಾನಾಗಿ ‘ಕೂಳು’ ಎಂಬಲ್ಲಿಗೆ ಹೋಯಿತು. ಹಳಗನ್ನಡದಲ್ಲಿ ಅದು ‘ಕೂೞ್’. ಬೇಯಿಸಿದ ಅನ್ನ, ಆಹಾರ ಎಂಬುದೇ ಅದರ ಅರ್ಥ. ಹೀನಾಯವು ಶಬ್ದದಲ್ಲಿರಲಿಲ್ಲ, ಪಟ್ಟಣಿಗರಾದ ನಮ್ಮ ಕಿವಿಯಲ್ಲಿತ್ತು. ಹುಡುಗನ ಅಜ್ಜಿಯು ನಮಗಿಂತ ಹಳೆಯ ಕನ್ನಡವನ್ನು ಆಡಿದ್ದಳು.

ಆ ಹುಡುಗನು ಈಗ ಎಲ್ಲಿರುವನೋ ಅರಿಯೆವು. ಕ್ಷಮೆ ಕೇಳುವ ದಾರಿಯಿಲ್ಲ. ಗೃಹಸ್ಥರಲ್ಲಿ ನಮ್ಮ ಬಿನ್ನಹವು ಇಷ್ಟೇ: ಮಕ್ಕಳು ಅಜ್ಜಿಯ ಬಾಯಿಂದ ಕೇಳಿದ ಮಾತೊಂದನ್ನು ಆಡಿದಾಗ, ನಗುವ ಮೊದಲು ನಿಘಂಟನ್ನು ತೆರೆಯಿರಿ. ಅದರಲ್ಲಿ ಆ ಮಾತು ಇಲ್ಲದಿದ್ದರೆ ಒಂದು ಚೀಟಿಯಲ್ಲಿ ಬರೆದಿಡಿರಿ.