ಮನೆಯಲ್ಲೇ ಹೊಂಗೆ ಎಣ್ಣೆಯ ಸಾಬೂನು

ಬದುವಿನ ಮೇಲಿನ ಹೊಂಗೆಮರದ ಕೆಳಗೆ ಬೇಸಿಗೆಯಲ್ಲಿ ಕಾಯಿ ಉದುರಿ ಹಾಸಿಕೊಂಡಿರುವುದನ್ನು ನೀವು ಪ್ರತಿ ವರ್ಷವೂ ನೋಡುತ್ತೀರಿ. ಕೆಲವರು ಆರಿಸಿ ಗಾಣಕ್ಕೆ ಹಾಕಿಸುತ್ತಾರೆ, ಹೆಚ್ಚಿನದು ಮಣ್ಣುಪಾಲಾಗುತ್ತದೆ. ಹಿಂಡಿಯ ಬೆಲೆ ನಿಮಗೆ ತಿಳಿದೇ ಇದೆ, ಅದರಲ್ಲಿ ಶೇಕಡ 4ರಷ್ಟು ಸಾರಜನಕವಿರುತ್ತದೆ. ಆದರೆ ಎಣ್ಣೆ ಅಡಿಗೆಗೆ ಬಾರದು, ಹೊಂಗೆ ಎಣ್ಣೆಯ ದೀಪದ ಕಾಲವೂ ಮುಗಿಯಿತು. ಹಾಗಾದರೆ ಎಣ್ಣೆಯನ್ನು ಏನು ಮಾಡುವುದು? ಮನೆಯ ತೆಂಗಿನ ಕೊಬ್ಬರಿ ಎಣ್ಣೆಯೊಡನೆ ಸೇರಿಸಿ ಒಳ್ಳೆಯ ಸಾಬೂನು ಮಾಡಬಹುದು.

ಸಾಬೂನು ಬರುವ ಮೊದಲು ನಮ್ಮಲ್ಲಿ ಸೀಗೆ, ಅಂಟುವಾಳ, ಬೂದಿ ಮತ್ತು ಚೌಳು ಮಣ್ಣು ಇದ್ದವು. ಬೆಳೆಗೆ ವೈರಿಯಾದ ಆ ಚೌಳು ಅಗಸರಿಗೆ ಮಿತ್ರ. ಅದರಲ್ಲಿರುವ ಕ್ಷಾರವೇ ಬಟ್ಟೆಯ ಜಿಡ್ಡನ್ನು ಬಿಡಿಸುತ್ತಿತ್ತು. ಸಾಬೂನಿನಲ್ಲಿಯೂ ಕೆಲಸ ಮಾಡುವುದು ಕ್ಷಾರವೇ, ಆದರೆ ಬೇರೆ ರೀತಿಯಲ್ಲಿ. ಎಣ್ಣೆ ಎಂದರೆ ಕೊಬ್ಬಿನ ಆಮ್ಲಗಳೂ ಗ್ಲಿಸರಿನ್ನೂ ಕೂಡಿಕೊಂಡ ವಸ್ತು. ಪ್ರಬಲ ಕ್ಷಾರ ಸೇರಿದಾಗ ಈ ಕೂಟ ಒಡೆಯುತ್ತದೆ. ಆಮ್ಲಗಳು ಕ್ಷಾರದ ಸೋಡಿಯಮ್ಮಿನೊಡನೆ ಸೇರಿ ಸಾಬೂನಾಗುತ್ತವೆ, ಗ್ಲಿಸರಿನ್ ಬೇರೆಯಾಗಿ ಉಳಿಯುತ್ತದೆ. ಮನೆಯ ಸಾಬೂನಿನಲ್ಲಿ ಈ ಗ್ಲಿಸರಿನ್ ಒಳಗೇ ಇರುವುದರಿಂದ ಚರ್ಮ ಬಿರಿಯುವುದು ಕಡಿಮೆ.

ಇದಕ್ಕೆ ಬೇಕಾದ ಕ್ಷಾರ ಕಾಸ್ಟಿಕ್ ಸೋಡಾ. ಬಟ್ಟೆ ಒಗೆಯುವ ಸೋಡಾ ಬೇರೆ, ಅಡಿಗೆ ಸೋಡಾ ಬೇರೆ. ಅವುಗಳಿಂದ ಈ ಸಾಬೂನು ಆಗದು.

ಪ್ರಮಾಣದ ವಿಷಯದಲ್ಲಿಯೇ ಹೊಸಬರು ಎಡವುತ್ತಾರೆ, ನಾನೂ ಎಡವಿದ್ದೇನೆ. ಮೊದಲ ಸಲ ತಕ್ಕಡಿ ತರುವ ಸೋಮಾರಿತನಕ್ಕೆ ಎಲ್ಲವನ್ನೂ ಲೋಟದಲ್ಲಿ ಅಳೆದೆ. ಸಾಬೂನು ನೋಡಲು ಚೆನ್ನಾಗಿಯೇ ಇತ್ತು. ಪಾತ್ರೆ ತೊಳೆದ ನಮ್ಮ ತಾಯಿಯವರ ಅಂಗೈ ಮಾತ್ರ ವಾರದೊಳಗೆ ಸುಲಿದುಹೋಯಿತು. ಆದ್ದರಿಂದ ಎಣ್ಣೆ, ನೀರು, ಕ್ಷಾರ ಮೂರನ್ನೂ ತೂಕ ಮಾಡಿಯೇ ತೆಗೆದುಕೊಳ್ಳಿರಿ.

ಎಲ್ಲ ಎಣ್ಣೆಗಳೂ ಒಂದೇ ಪ್ರಮಾಣದ ಕ್ಷಾರವನ್ನು ಕುಡಿಯುವುದಿಲ್ಲ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು; ಹೊಂಗೆ, ಹಿಪ್ಪೆ, ಕಡಲೆಕಾಯಿ ಎಣ್ಣೆಗಳಿಗೆ ಸುಮಾರು 135 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯಿಂದ ಗಟ್ಟಿತನ ಮತ್ತು ನೊರೆ ಬರುತ್ತದೆ, ಆದರೆ ಅದೊಂದನ್ನೇ ಬಳಸಿದರೆ ಮೈ ಒಣಗುತ್ತದೆ. ನಾನು 600 ಗ್ರಾಂ ಕೊಬ್ಬರಿ ಎಣ್ಣೆಗೆ 400 ಗ್ರಾಂ ಹೊಂಗೆ ಎಣ್ಣೆ ಸೇರಿಸುತ್ತೇನೆ. ಮೊದಲನೆಯದಕ್ಕೆ 110, ಎರಡನೆಯದಕ್ಕೆ 54, ಒಟ್ಟು 164 ಗ್ರಾಂ ಕ್ಷಾರ. ಇದರಲ್ಲಿ 12 ಗ್ರಾಂ ಕಡಿಮೆ ಮಾಡಿ 152 ಗ್ರಾಂ ಮಾತ್ರ ಹಾಕಿರಿ. ಆಗ ಸ್ವಲ್ಪ ಎಣ್ಣೆ ಹಾಗೆಯೇ ಉಳಿದು ಮೈಗೆ ಮೆದುವಾಗಿರುತ್ತದೆ, ಕ್ಷಾರ ಉಳಿಯುವ ಭಯವಿರುವುದಿಲ್ಲ. ಕೊಬ್ಬರಿ ಎಣ್ಣೆ ಸಾಲದೆಂದು ಪೂರ್ತಿ ಹೊಂಗೆ ಎಣ್ಣೆಯನ್ನೇ ಹಾಕಿ ಅದೇ 152 ಗ್ರಾಂ ಕ್ಷಾರ ಬಳಸಿದರೆ 17 ಗ್ರಾಂ ಹೆಚ್ಚಾಗುತ್ತದೆ. ಅದು ಮೈ ಸುಡುವ ಸಾಬೂನು. ಎಣ್ಣೆ ಬದಲಾದರೆ ಲೆಕ್ಕವೂ ಬದಲಾಗಬೇಕು.

ನೀರು 330 ಗ್ರಾಂ. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಬೇಡ, ಅದರ ಸುಣ್ಣದ ಅಂಶ ಸಾಬೂನನ್ನು ಕರಣೆ ಕಟ್ಟಿಸುತ್ತದೆ. ಸೋಸಿದ ಮಳೆನೀರು ಉತ್ತಮ.

ಕೆಲಸವನ್ನು ಅಂಗಳದಲ್ಲಿ, ಗಾಳಿಗೆ ಬೆನ್ನು ಮಾಡಿ ನಡೆಸಿರಿ. ಮಕ್ಕಳು, ಸಾಕುಪ್ರಾಣಿಗಳು ಹತ್ತಿರ ಬಾರದಿರಲಿ. ರಬ್ಬರ್ ಕೈಚೀಲ, ಕನ್ನಡಕ, ತುಂಬು ತೋಳಿನ ಅಂಗಿ ಇರಲೇಬೇಕು. ಪಾತ್ರೆ ಸ್ಟೀಲಿನದು ಅಥವಾ ದಪ್ಪ ಪ್ಲಾಸ್ಟಿಕ್ಕಿನದಾಗಿರಲಿ. ಅಲ್ಯೂಮಿನಿಯಮ್ ಪಾತ್ರೆಯನ್ನು ಕ್ಷಾರ ತಿನ್ನುತ್ತದೆ, ಬೆಂಕಿ ಹಿಡಿಯುವ ಅನಿಲವೂ ಹೊರಡುತ್ತದೆ. ಕಲಾಯಿ ಹಾಕಿದ ಪಾತ್ರೆಯೂ ಬೇಡ. ನೀರಿಗೆ ಕ್ಷಾರವನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತಾ ಕಲಕಬೇಕೇ ಹೊರತು ಕ್ಷಾರದ ಮೇಲೆ ಎಂದಿಗೂ ನೀರು ಸುರಿಯಬಾರದು. ಸಿಡಿದು ಮುಖಕ್ಕೆ ಹಾರುತ್ತದೆ. ಒಲೆಯಿಲ್ಲದೆಯೇ ನೀರು ಕೈ ಮುಟ್ಟಲಾಗದಷ್ಟು ಕಾಯುವುದನ್ನು ಕಂಡು ಗಾಬರಿಯಾಗಬೇಡಿ. ಈ ತಿಳಿನೀರನ್ನು ಕುಡಿಯುವ ಲೋಟ, ಚೊಂಬುಗಳಲ್ಲಿ ಒಂದು ಗಳಿಗೆಯೂ ಇಡಬೇಡಿ. ನೋಡಲು ಬರಿಯ ನೀರಿನಂತೆಯೇ ಇರುತ್ತದೆ, ಒಂದು ಗುಟುಕು ಗಂಟಲನ್ನು ಸುಟ್ಟುಬಿಡುತ್ತದೆ. ಯಾರಾದರೂ ನುಂಗಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮೈಮೇಲೆ ಬಿದ್ದರೆ ಹುಳಿ, ನಿಂಬೆರಸ ಎಂದು ಹುಡುಕದೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೂ ಹೀಗೆಯೇ ತೊಳೆದು ವೈದ್ಯರಲ್ಲಿಗೆ ಹೋಗಿರಿ.

ಕ್ಷಾರದ ನೀರು ಆರಿ ಉಗುರುಬೆಚ್ಚಗಾದಾಗ, ಅಷ್ಟೇ ಬೆಚ್ಚಗಿರುವ ಎಣ್ಣೆಗೆ ಸಣ್ಣ ಧಾರೆಯಾಗಿ ಹೊಯ್ಯಿರಿ. ಮರದ ಸೌಟಿನಿಂದ ಒಂದೇ ಸಮನೆ ತಿರುವುತ್ತಿರಬೇಕು. ಅರ್ಧ ಗಂಟೆ, ಕೆಲವೊಮ್ಮೆ ಒಂದು ಗಂಟೆಯೂ ಹಿಡಿಯಬಹುದು; ಹಳೆಯ ಹೊಂಗೆ ಎಣ್ಣೆಯಾದರೆ ಬೇಗ ಗಟ್ಟಿಯಾಗುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದು, ಸೌಟಿನಿಂದ ಇಳಿದ ಎಳೆ ಮೇಲ್ಭಾಗದಲ್ಲಿ ಕ್ಷಣಕಾಲ ಗೆರೆಯಾಗಿ ನಿಂತರೆ ಹದ ಬಂದಂತೆ. ಬಣ್ಣಕ್ಕೆಂದು ಅರಿಶಿನ ಹಾಕುವವರಿದ್ದಾರೆ. ಕ್ಷಾರ ತಾಗಿದ ಅರಿಶಿನ ಸುಣ್ಣ ಬೆರೆತಾಗಿನಂತೆಯೇ ಕೆಂಪಾಗುತ್ತದೆ.

ಪ್ಲಾಸ್ಟಿಕ್ ಹಾಳೆ ಹಾಸಿದ ಮರದ ಪೆಟ್ಟಿಗೆಗೆ ಸುರಿದು ಗೋಣಿಚೀಲ ಹೊದಿಸಿರಿ. ಒಂದೆರಡು ದಿನಗಳಲ್ಲಿ ಗಟ್ಟಿಯಾದ ಮೇಲೆ ಕೈಚೀಲ ತೊಟ್ಟೇ ತಂತಿಯಿಂದ ಕತ್ತರಿಸಿ, ನೆರಳಿನಲ್ಲಿ ಗಾಳಿಯಾಡುವಂತೆ ಬಿಡಿಬಿಡಿಯಾಗಿ ಹರಡಿರಿ. ನಾಲ್ಕರಿಂದ ಆರು ವಾರ ಕಾಯಲೇಬೇಕು. ಆಮೇಲೆ ಒದ್ದೆ ಬೆರಳನ್ನು ಸಾಬೂನಿಗೆ ಉಜ್ಜಿ ನಾಲಗೆಯ ತುದಿಗೆ ಮುಟ್ಟಿಸಿ ನೋಡಿ. ಚುರ್ ಎಂದರೆ ಕ್ಷಾರ ಉಳಿದಿದೆ. ಅದನ್ನು ಸ್ನಾನಕ್ಕೆ ಬಳಸದೆ ನೆಲ ತೊಳೆಯಲು ಇಟ್ಟುಕೊಳ್ಳಿರಿ. ಹೊಂಗೆಯ ವಾಸನೆ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗದು. ನನಗೆ ಅದು ಬೇಸರವೆನಿಸುವುದಿಲ್ಲ, ಮನೆಯವರ ಅಭಿಪ್ರಾಯ ಬೇರೆ.

ಎರಡು ಪ್ರಶ್ನೆಗಳು ಸಾಮಾನ್ಯವಾಗಿ ಬರುತ್ತವೆ. ಇದನ್ನು ಬೆಳೆಗೆ ಸಿಂಪಡಿಸಬಹುದೇ? ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಹೊಂಗೆ ಸಾಬೂನು ಮತ್ತು ಬೇವಿನ ಸಾಬೂನು ತರಕಾರಿ ಕೀಟಗಳಿಗೆಂದೇ ಇರುವ ಬೇರೆ ವಸ್ತುಗಳು. ಸ್ನಾನದ ಸಾಬೂನು ಅವುಗಳ ಬದಲಿಗೆ ಬಾರದು, ಎಲೆ ಸುಡಬಹುದು. ಮಾರಿ ಲಾಭ ಮಾಡಬಹುದೇ? ಸ್ನಾನದ ಸಾಬೂನು ಕಾನೂನಿನ ಪ್ರಕಾರ ಸೌಂದರ್ಯವರ್ಧಕ, ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು. ಎಣ್ಣೆಯನ್ನು ಅಂಗಡಿಯಿಂದ ಕೊಂಡು ಮಾಡಿದರೆ ಪೇಟೆಯ ಸಾಬೂನಿಗಿಂತ ಅಗ್ಗವಾಗುವುದೂ ಇಲ್ಲ. ಮನೆಯ ಕೊಬ್ಬರಿ, ಬದುವಿನ ಹೊಂಗೆ ಇದ್ದವರಿಗೆ ಮಾತ್ರ ಇದು ಗಿಟ್ಟುವ ಕೆಲಸ. ಮೇಲಿನ ಅಳತೆಯಲ್ಲಿ ಒಣಗಿದ ನಂತರ ನೂರು ಗ್ರಾಂ ತೂಕದ ಹನ್ನೆರಡು ಹದಿಮೂರು ಬಿಲ್ಲೆಗಳು ಸಿಗುತ್ತವೆ. ಕತ್ತರಿಸುವಾಗ ಉಳಿದ ಚೂರುಗಳನ್ನು ಎಸೆಯಬೇಡಿ, ಬಿಲ್ಲೆಗಳೊಡನೆಯೇ ಒಣಗಿಸಿ ತುರಿದರೆ ಬಟ್ಟೆ ಒಗೆಯಲು ಆಗುತ್ತವೆ.